ತೂತು ಸಣ್ಣದು, ಗೆಳೆಯಾ

ಪ್ರಿಯ ಗೆಳೆಯಾ,

ನಿನ್ನ ಪತ್ರ ಬಂತು. ಅನ್ನನಾಳದ ಗಡ್ಡೆಯ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಗಿದೆ, ಕಿಮೋಥೆರಪಿಯ ಸುಸ್ತು ಇಳಿಯುತ್ತಿದೆ, ಗಂಟಲಲ್ಲಿ ತುತ್ತು ಮೊದಲಿನಷ್ಟು ಸಿಕ್ಕಿಕೊಳ್ಳುವುದಿಲ್ಲ ಎಂದೆಲ್ಲ ಓದಿ ಮನಸ್ಸು ಹಗುರವಾಯಿತು. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, ‘ಹೊಟ್ಟೆಗೆ ಐದು ತೂತು, ಎದೆಗೆ ನಾಲ್ಕು, ಅಷ್ಟೇ, ಎರಡು ವಾರಕ್ಕೆಲ್ಲ ಕೆಲಸಕ್ಕೆ ಹಾಜರು’ ಎಂದು, ಅಲ್ಲಿಗೆ ಬಂದವನು ಮುಂದೆ ಓದದೆ ಕುಳಿತುಬಿಟ್ಟೆ. ಅಕ್ಷರ ನಿನ್ನದು, ಮಾತು ಮಾತ್ರ ಎರಡು ವರ್ಷದ ಹಿಂದೆ ನಾನೇ ಆಡಿದ್ದು. ನನಗೆ ಮೂರೇ ತೂತು ಆಗಿದ್ದರಿಂದ ನನ್ನ ಜಂಬ ನಿನ್ನದಕ್ಕಿಂತ ದೊಡ್ಡದಿತ್ತು.

ಆಗ ನಡೆದದ್ದನ್ನು ನಿನಗೆ ಪೂರ್ತಿ ಹೇಳಿರಲಿಲ್ಲ. ಬಲ ಶ್ವಾಸಕೋಶದ ಕೆಳಹಾಲೆ, ಅಂದರೆ ಕೆಳಗಿನ ಭಾಗ, ತೆಗೆಸಿಕೊಂಡು ಮನೆಗೆ ಬಂದು ಒಂದು ವಾರವಾಗಿತ್ತು. ಕನ್ನಡಿಯ ಮುಂದೆ ಅಂಗಿ ಬಿಚ್ಚಿ ನೋಡಿಕೊಂಡೆ. ಮೂರು ಗೀರು, ಅತಿ ಉದ್ದದ್ದು ನಾಲ್ಕು ಸೆಂಟಿಮೀಟರ್. ಇಷ್ಟಕ್ಕೆ ಮಲಗಿಕೊಳ್ಳುವುದೇ ಎಂದು ನಾಚಿಕೆಯಾಯಿತು. ಉಸಿರಿನ ವ್ಯಾಯಾಮಕ್ಕೆಂದು ಕೊಟ್ಟಿದ್ದ ಮೂರು ಚೆಂಡಿನ ಡಬ್ಬಿಯನ್ನು ಮಕ್ಕಳಾಟ ಎಂದು ಕಪಾಟಿನ ಮೇಲೆ ಎತ್ತಿಟ್ಟೆ. ಅದೇ ಸಂಜೆ ಮಂಚ ಸರಿಸಲು ಹೋದೆ. ಪಕ್ಕೆಯಲ್ಲಿ ಎದ್ದ ನೋವಿಗೆ ನೆಲದ ಮೇಲೆ ಕುಳಿತವನು ಏಳಲು ಅರ್ಧ ಗಂಟೆ ಬೇಕಾಯಿತು. ನೋವಿಗೆ ಹೆದರಿ ಆಮೇಲೆ ಕೆಮ್ಮಲೂ ಇಲ್ಲ, ಆಳವಾಗಿ ಉಸಿರೆಳೆಯಲೂ ಇಲ್ಲ. ನಾಲ್ಕನೆಯ ದಿನ ಜ್ವರ. ಉಳಿದ ಶ್ವಾಸಕೋಶದ ಬುಡದಲ್ಲಿ ಕಫ ನಿಂತು ಸೋಂಕಾಗಿತ್ತು. ಮತ್ತೆ ಆಸ್ಪತ್ರೆ, ಮತ್ತೆ ಐದು ದಿನ. ತಪ್ಪು ಪೂರ್ತಿ ನನ್ನದೇ. ಚರ್ಮದ ಮೇಲಿನ ಗಾಯವನ್ನು ನೋಡಿ ಒಳಗಿನ ಗಾಯದ ಅಳತೆ ತೆಗೆದಿದ್ದೆ.

ಹಾಗಾದರೆ ಕ್ಯಾಮೆರಾ, ಉಪಕರಣ ಇಳಿಸುವ ಈ ತೂತುಗಳಿಂದ ನಿಜವಾಗಿ ಸಿಗುವುದೇನು? ಹಳೆಯ ಪದ್ಧತಿಯಲ್ಲಿ ಬೆನ್ನಿನಿಂದ ಎದೆಯ ಪಕ್ಕಕ್ಕೆ ಉದ್ದಕ್ಕೆ ಕೊಯ್ದು, ಎರಡು ಪಕ್ಕೆಲುಬುಗಳ ನಡುವೆ ಉಕ್ಕಿನ ಉಪಕರಣ ಸಿಕ್ಕಿಸಿ, ತಿರುಪು ತಿರುಗಿಸಿ ಅಗಲಿಸುತ್ತಿದ್ದರು. ಅಗತ್ಯ ಬಿದ್ದರೆ ಈಗಲೂ ಹಾಗೆಯೇ ಮಾಡುತ್ತಾರೆ. ಪ್ರತಿ ಪಕ್ಕೆಲುಬಿನ ಕೆಳ ಅಂಚಿನ ತೋಡಿನಲ್ಲಿ ರಕ್ತನಾಳಗಳ ಜೊತೆ ಒಂದು ನರ ಓಡುತ್ತದೆ. ಅಗಲಿಸಿದಾಗ ಅದು ಜಜ್ಜಿಹೋಗುತ್ತದೆ. ಕೊಯ್ದ ಚರ್ಮ ಮಾಯ್ದು ತಿಂಗಳುಗಳು ಕಳೆದರೂ ಕೆಲವರಿಗೆ ಉಳಿಯುವ ಉರಿ ಅಲ್ಲಿಂದ ಬರುವುದು. ಕಾಲು ಮುರಿದರೆ ಕಾಲನ್ನು ಅಲುಗಾಡಿಸದೆ ಇಡಬಹುದು, ಎದೆಗೂಡಿಗೆ ಆ ಭಾಗ್ಯವಿಲ್ಲ. ಪ್ರತಿ ಉಸಿರಿಗೂ ಅದು ಅಲುಗಬೇಕು. ನೋವಾದರೆ ಮನುಷ್ಯ ಉಸಿರನ್ನು ಮೇಲೆ ಮೇಲೆ ಎಳೆದುಕೊಳ್ಳುತ್ತಾನೆ, ಕೆಮ್ಮನ್ನು ನುಂಗುತ್ತಾನೆ, ಕಫ ಕೆಳಗೆ ನಿಲ್ಲುತ್ತದೆ, ನ್ಯುಮೋನಿಯಾ ಬರುತ್ತದೆ. ಎದೆಯ ಶಸ್ತ್ರಚಿಕಿತ್ಸೆಯಲ್ಲಿ ಜೀವಕ್ಕೆ ಕುತ್ತು ಬರುತ್ತಿದ್ದ ಒಂದು ದೊಡ್ಡ ದಾರಿ ಇದು. ತೂತುಗಳ ಮೂಲಕ ಮಾಡುವ ಈ ಕೀಹೋಲ್ ವಿಧಾನದ ಗೆಲುವು ಇಲ್ಲಿದೆ, ಗಾಯದ ಅಂದಚಂದದಲ್ಲಿ ಅಲ್ಲ.

ನೀನು ಅಂಕಿ ಕೇಳುವ ಮನುಷ್ಯ, ಅದಕ್ಕೇ ಹೇಳುತ್ತೇನೆ. ನಿನಗೆ ಮಾಡಲಿರುವಂಥ ಅನ್ನನಾಳದ ಶಸ್ತ್ರಚಿಕಿತ್ಸೆಯನ್ನೇ ಇಟ್ಟುಕೊಂಡು ಯುರೋಪಿನಲ್ಲಿ 115 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಎದೆ ತೆರೆದವರಲ್ಲಿ ಮೊದಲ ಎರಡು ವಾರದೊಳಗೆ ಶೇಕಡ 29 ಮಂದಿಗೆ ಶ್ವಾಸಕೋಶದ ಸೋಂಕು ತಗುಲಿತು, ಕೀಹೋಲ್ ಗುಂಪಿನಲ್ಲಿ ಶೇಕಡ 9 ಮಂದಿಗೆ. 2019ರಲ್ಲಿ ಫ್ರಾನ್ಸಿನಿಂದ 207 ರೋಗಿಗಳ ಇನ್ನೊಂದು ಅಧ್ಯಯನ ಬಂತು. ಅದರಲ್ಲಿ ಹೊಟ್ಟೆಯ ಭಾಗವನ್ನಷ್ಟೇ ತೂತುಗಳ ಮೂಲಕ ಮಾಡಿ, ಎದೆಯನ್ನು ತೆರೆದೇ ಮಾಡಿದ್ದರು. ಅಷ್ಟರಿಂದಲೇ ಗಂಭೀರ ತೊಡಕುಗಳು ಶೇಕಡ 64ರಿಂದ 36ಕ್ಕೆ ಇಳಿದವು. ಎರಡನೆಯ ಅಂಕಿಯನ್ನು ಇನ್ನೊಮ್ಮೆ ಓದು. ಇಳಿದದ್ದು ದೊಡ್ಡ ಲಾಭ, ಒಪ್ಪುತ್ತೇನೆ. ಇಳಿದ ಮೇಲೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಗಂಭೀರ ತೊಡಕು ಬಂದಿದೆ. ಇದನ್ನು ‘ಅಷ್ಟೇ’ ಎನ್ನಲು ನನಗೆ ನಾಲಿಗೆ ಬರುವುದಿಲ್ಲ.

ಏಕೆಂದರೆ ಒಳಗೆ ನಡೆಯುವ ಕೆಲಸ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಅನ್ನನಾಳ ಸುಮಾರು 25 ಸೆಂಟಿಮೀಟರ್ ಉದ್ದದ ಕೊಳವೆ. ಮುಂದೆ ಶ್ವಾಸನಾಳ ಮತ್ತು ಹೃದಯ, ಹಿಂದೆ ಬೆನ್ನೆಲುಬು, ಪಕ್ಕದಲ್ಲಿ ಮಹಾಪಧಮನಿ. ಇಷ್ಟು ದೊಡ್ಡವರ ನಡುವೆ ಒತ್ತಿಕೊಂಡು ಕುಳಿತಿರುವುದನ್ನು ದುಗ್ಧಗ್ರಂಥಿಗಳ ಸಮೇತ ಬಿಡಿಸಿ ತೆಗೆಯಬೇಕು. ಅದಕ್ಕೂ ಮೊದಲು ಹೊಟ್ಟೆಯ ಕಡೆಯಿಂದ ಜಠರವನ್ನು ಸಡಿಲಿಸಿ, ಸ್ಟೇಪ್ಲರ್‌ನಿಂದ ಉದ್ದಕ್ಕೆ ಕತ್ತರಿಸಿ ಸಪೂರವಾದ ಕೊಳವೆಯನ್ನಾಗಿ ಮಾಡುತ್ತಾರೆ. ಅದನ್ನು ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯ ಕಿಂಡಿಯಿಂದ ಎದೆಯೊಳಕ್ಕೆ ಎಳೆದುಕೊಂಡು, ಉಳಿದ ಅನ್ನನಾಳದ ತುದಿಗೆ ಜೋಡಿಸುತ್ತಾರೆ. ಜಠರಕ್ಕೆ ರಕ್ತ ತರುತ್ತಿದ್ದ ನಾಳಗಳಲ್ಲಿ ಹೆಚ್ಚಿನವನ್ನು ಕಟ್ಟಿಹಾಕಬೇಕಾದ್ದರಿಂದ ಆ ಹೊಸ ಕೊಳವೆ ಮುಖ್ಯವಾಗಿ ಒಂದೇ ಒಂದು ನಾಳವನ್ನು ನೆಚ್ಚಿಕೊಂಡು ಬದುಕುತ್ತದೆ. ಅದರ ಮೇಲ್ತುದಿಗೆ, ಅಂದರೆ ಜೋಡಣೆ ಇರುವ ಜಾಗಕ್ಕೇ, ರಕ್ತ ಎಲ್ಲಕ್ಕಿಂತ ಕಡಿಮೆ ತಲುಪುವುದು. ವೈದ್ಯರು ಮೊದಲ ಹತ್ತು ದಿನ ‘ಲೀಕ್’ ‘ಲೀಕ್’ ಎಂದು ಜಪ ಮಾಡುವುದು ಈ ಜೋಡಣೆ ಸೋರುವುದರ ಬಗ್ಗೆ. ಆ ಜೋಡಣೆ ಕೂಡಿಕೊಳ್ಳುವ ವೇಗಕ್ಕೂ ಚರ್ಮದ ಮೇಲೆ ಎಷ್ಟು ತೂತು ಮಾಡಿದ್ದಾರೆ ಎಂಬುದಕ್ಕೂ ಸಂಬಂಧವಿಲ್ಲ.

ಬೋರಲು ಮಲಗಿಸಿ ಮಾಡುತ್ತಾರಂತೆ ಎಂದು ಗಾಬರಿಯಾಗಿದ್ದೀಯ. ಅದು ಒಳ್ಳೆಯ ಉಪಾಯ. ಬೋರಲಾದಾಗ ಹೃದಯ, ಶ್ವಾಸಕೋಶಗಳು ತಮ್ಮ ಭಾರಕ್ಕೆ ತಾವೇ ಮುಂದಕ್ಕೆ ಜಾರುತ್ತವೆ, ಬೆನ್ನೆಲುಬಿಗೆ ಅಂಟಿಕೊಂಡ ಅನ್ನನಾಳ ಕ್ಯಾಮೆರಾಕ್ಕೆ ಎದುರಾಗುತ್ತದೆ. ಒಸರಿದ ರಕ್ತವೂ ಕೆಲಸದ ಜಾಗ ಬಿಟ್ಟು ಕೆಳಗೆ ಸರಿಯುತ್ತದೆ. ಈ ಭಂಗಿಯಲ್ಲಿ 130 ರೋಗಿಗಳಿಗೆ ಮಾಡಿದ ಅನುಭವವನ್ನು ಕೊಯಮತ್ತೂರಿನ ಡಾ. ಸಿ. ಪಳನಿವೇಲು ಮತ್ತು ಅವರ ತಂಡ 2006ರಲ್ಲೇ ಪ್ರಕಟಿಸಿದೆ. ನನ್ನನ್ನು ಪಕ್ಕಕ್ಕೆ ಮಲಗಿಸಿದ್ದರು. ಎರಡು ಕವಲಿನ ನಳಿಕೆ ಹಾಕಿ, ಎಡ ಶ್ವಾಸಕೋಶವೊಂದರಲ್ಲೇ ಉಸಿರಾಡಿಸುತ್ತ ಬಲಗಡೆಯದನ್ನು ಗಾಳಿ ಬಿಟ್ಟ ಬಲೂನಿನಂತೆ ಕುಗ್ಗಿಸಿದ್ದರಂತೆ. ಹೊಟ್ಟೆಯೊಳಗೆ ಜಾಗ ಮಾಡಲು ಅನಿಲ ತುಂಬಿ ಉಬ್ಬಿಸಬೇಕು. ಎದೆಗೂಡು ಮೊದಲೇ ಗಟ್ಟಿ ಪಂಜರ, ಶ್ವಾಸಕೋಶ ಪಕ್ಕಕ್ಕೆ ಸರಿದರೆ ಅಲ್ಲೊಂದು ಕೋಣೆಯೇ ತೆರೆದುಕೊಳ್ಳುತ್ತದೆ. ಈ ಸಂಗತಿ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ.

ಆಸ್ಪತ್ರೆಯಲ್ಲಿ ಮಲಗಿದ್ದಾಗ ಓದಿದ ಒಂದು ಕಥೆ ಹೇಳಿಬಿಡುತ್ತೇನೆ, ನಿನಗೆ ಇಷ್ಟವಾಗುತ್ತದೆ. 1913ರಲ್ಲಿ ನ್ಯೂಯಾರ್ಕಿನ ಫ್ರಾಂಜ್ ಟೊರೆಕ್ ಎಂಬ ಶಸ್ತ್ರವೈದ್ಯ 67 ವರ್ಷದ ಒಬ್ಬ ಮಹಿಳೆಯ ಎದೆ ತೆರೆದು ಅನ್ನನಾಳದ ಗಡ್ಡೆ ತೆಗೆದ. ಜೋಡಿಸುವ ವಿದ್ಯೆ ಆಗಿನ್ನೂ ಕೈಗೆ ಸಿಕ್ಕಿರಲಿಲ್ಲ. ಮೇಲಿನ ತುದಿಯನ್ನು ಹೊರಕ್ಕೆ ತಂದು, ಜಠರಕ್ಕೊಂದು ತೂತು ಮಾಡಿ, ನಡುವೆ ರಬ್ಬರ್ ಕೊಳವೆ ಹಾಕಿದ. ಆಕೆ ನುಂಗಿದ ತುತ್ತು ದೇಹದ ಹೊರಗೆ ಎದೆಯ ಮೇಲೆ ಹಾದು ಮತ್ತೆ ಒಳಗೆ ಹೋಗುತ್ತಿತ್ತು. ಹಾಗೆಯೇ ಆಕೆ ಹತ್ತು ವರ್ಷಕ್ಕೂ ಹೆಚ್ಚು ಬದುಕಿದಳು! ಅದಕ್ಕೆ ಮೂರು ವರ್ಷ ಮೊದಲು, 1910ರಲ್ಲಿ, ಸ್ಟಾಕ್‌ಹೋಮಿನ ಯಾಕೊಬಿಯಸ್ ಮೂತ್ರಕೋಶ ನೋಡಲು ಬಳಸುತ್ತಿದ್ದ ದರ್ಶಕವನ್ನೇ ಎದೆಯೊಳಗೆ ಇಳಿಸಿ ಇಣುಕಿದ ಅನುಭವವನ್ನು ಬರೆದಿದ್ದ. ಟೊರೆಕ್‌ನ ಧೈರ್ಯ, ಯಾಕೊಬಿಯಸ್‌ನ ಕಿಂಡಿ, ಎರಡೂ ಒಂದೇ ಮೇಜಿಗೆ ಬರಲು 1990ರ ದಶಕದವರೆಗೆ, ವಿಡಿಯೊ ಕ್ಯಾಮೆರಾ ಬರುವವರೆಗೆ ಕಾಯಬೇಕಾಯಿತು.

ಮುಂದಿನ ವಾರ ವೈದ್ಯರನ್ನು ಕಾಣುವಾಗ ತೂತಿನ ಲೆಕ್ಕ ಕೇಳಬೇಡ. ನೀವು, ನಿಮ್ಮ ತಂಡ ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ, ಜೋಡಣೆ ಸೋರಿದರೆ ಹೇಗೆ ಪತ್ತೆ ಹಚ್ಚುತ್ತೀರಿ, ಮಧ್ಯರಾತ್ರಿ ತೊಂದರೆಯಾದರೆ ಯಾರು ಬರುತ್ತಾರೆ ಎಂದು ಕೇಳು. ಒಳ್ಳೆಯ ವೈದ್ಯರು ಇದಕ್ಕೆ ಮುನಿಯುವುದಿಲ್ಲ. ನಡುವೆ ರಕ್ತಸ್ರಾವವಾದರೆ ಅಥವಾ ಒಳಗಿನ ಅಂಗಗಳು ಒಂದಕ್ಕೊಂದು ಹೆಚ್ಚು ಅಂಟಿಕೊಂಡಿದ್ದರೆ ಎದೆ ತೆರೆಯಬೇಕಾಗಬಹುದು ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಹಾಗೇನಾದರೂ ಆಗಿ, ಎಚ್ಚರವಾದಾಗ ಉದ್ದನೆಯ ಹೊಲಿಗೆ ಕಂಡರೆ ಸೋಲು ಎಂದುಕೊಳ್ಳಬೇಡ. ಹಟ ಹಿಡಿದು ತೂತಿನಲ್ಲೇ ಮುಗಿಸುವ ವೈದ್ಯರಿಗಿಂತ, ಬೇಕಾದಾಗ ತೆರೆಯುವ ವೈದ್ಯರ ಮೇಲೆ ನನಗೆ ನಂಬಿಕೆ ಹೆಚ್ಚು. ರೋಬಾಟ್ ಬಗ್ಗೆಯೂ ಕೇಳಿದ್ದೀಯ. ಅದರ ಕೈಗಳು ಇಕ್ಕಟ್ಟಿನಲ್ಲಿ ಸೊಗಸಾಗಿ ತಿರುಗುತ್ತವೆ ನಿಜ, ಆದರೆ ಎಲ್ಲಿ ಕತ್ತರಿಸಬೇಕು ಎಂದು ತೀರ್ಮಾನಿಸುವುದು ಅದನ್ನು ನಡೆಸುವ ಮನುಷ್ಯ.

ಎಚ್ಚರವಾದಾಗ ಮೈತುಂಬ ನಳಿಕೆಗಳಿರುತ್ತವೆ: ಮೂಗಿನಲ್ಲಿ, ಎದೆಯ ಪಕ್ಕದಲ್ಲಿ, ಬಹುಶಃ ಆಹಾರಕ್ಕೆಂದು ಕರುಳಿನಲ್ಲೂ ಒಂದು. ಎದೆಯ ನಳಿಕೆ ನೀರಿರುವ ಬಾಟಲಿಗೆ ಇಳಿದಿರುತ್ತದೆ. ಗಾಳಿ ಹೊರಗೆ ಬರುತ್ತದೆ, ನೀರು ಅಡ್ಡವಿರುವುದರಿಂದ ಒಳಗೆ ಹೋಗಲಾರದು. ನನ್ನ ಬಾಟಲಿಯಲ್ಲಿ ಗುಳ್ಳೆ ನಿಂತ ದಿನ ನರ್ಸ್ ಹಬ್ಬ ಬಂದಂತೆ ನಕ್ಕಿದ್ದರು. ಕೆಮ್ಮುವಾಗ ದಿಂಬನ್ನು ಪಕ್ಕೆಗೆ ಅವಚಿಕೊ. ನೋವಿನ ಔಷಧಿಯನ್ನು ಸಹನೆಯ ಪರೀಕ್ಷೆ ಎಂಬಂತೆ ಬೇಡವೆನ್ನಬೇಡ, ಕೆಮ್ಮಲು ಆಗಲಿ ಎಂದೇ ಅದನ್ನು ಕೊಡುವುದು. ಮರುದಿನವೇ ಎಬ್ಬಿಸಿ ಕೂರಿಸುತ್ತಾರೆ, ನಡೆಸುತ್ತಾರೆ; ಬೈದುಕೊಂಡಾದರೂ ನಡೆ. ಧ್ವನಿ ಕೆಲ ಕಾಲ ಗೊಗ್ಗರಾಗಬಹುದು, ಧ್ವನಿಪೆಟ್ಟಿಗೆಗೆ ಹೋಗುವ ನರ ಅಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ.

ನಿನಗೆ ಎಲ್ಲಕ್ಕಿಂತ ಕಷ್ಟವಾಗುವುದು ಊಟ ಎಂದು ನನಗೆ ಗೊತ್ತು. ಚೀಲವಾಗಿದ್ದ ಜಠರ ಇನ್ನು ಕೊಳವೆ. ದಿನಕ್ಕೆ ಆರೇಳು ಬಾರಿ, ಪ್ರತಿ ಸಲವೂ ನಾಲ್ಕೇ ತುತ್ತು, ಚೆನ್ನಾಗಿ ಅಗಿದು. ಉಂಡ ತಕ್ಷಣ ಮಲಗುವಂತಿಲ್ಲ, ಮಲಗಿದಾಗಲೂ ತಲೆಯ ಕಡೆ ಮಂಚ ಎತ್ತರವಿರಬೇಕು. ಉಂಡದ್ದು ಹಿಂದಕ್ಕೆ ಬರದಂತೆ ತಡೆಯುತ್ತಿದ್ದ ಬಾಗಿಲು ಗಡ್ಡೆಯ ಜೊತೆಗೇ ಹೋಗಿರುತ್ತದೆ. ತೂಕ ಇಳಿಯುತ್ತದೆ. ಎರಡು ವಾರದ ಮಾತು ಬಿಡು, ತಿಂಗಳುಗಳ ಲೆಕ್ಕ ಹಾಕಿಕೊ. ಕಚೇರಿಗೆ ಮೂರು ತಿಂಗಳ ರಜೆಯ ಅರ್ಜಿ ಈಗಲೇ ಬರೆದುಕೊಡು. ಬೇಗ ಚೇತರಿಸಿಕೊಂಡರೆ ರಜೆ ರದ್ದು ಮಾಡಿಸುವುದು ಸುಲಭ, ಇಲ್ಲದ ರಜೆ ಕೇಳುವುದು ಕಷ್ಟ.

ಆ ಮೂರು ಚೆಂಡಿನ ಡಬ್ಬಿಯನ್ನು ಈಗಲೇ ಒಂದು ಕೊಂಡುಕೊ, ನನ್ನದನ್ನು ಕೊಡುವುದಿಲ್ಲ, ಒಬ್ಬರದು ಇನ್ನೊಬ್ಬರು ಬಳಸಬಾರದು. ಶಸ್ತ್ರಚಿಕಿತ್ಸೆಗೆ ಇನ್ನೂ ಮೂರು ವಾರವಿದೆ. ಬೆಳಿಗ್ಗೆ ಅರ್ಧ ಗಂಟೆ ಬಿರುಸಾಗಿ ನಡೆ, ಬಂದು ಕುಳಿತು ನಿಧಾನವಾಗಿ ಉಸಿರೆಳೆದು ಚೆಂಡು ಏರಿಸು. ಸಿಗರೇಟು ಬಿಟ್ಟದ್ದು ನಿಜ ತಾನೆ? ಹಿಂದಿನ ದಿನ ಸಂಜೆಗೆ ನಾನು ಅಲ್ಲಿರುತ್ತೇನೆ. ಅಷ್ಟರೊಳಗೆ ಎಷ್ಟು ಚೆಂಡು ಎಷ್ಟು ಹೊತ್ತು ಮೇಲೆ ನಿಲ್ಲುತ್ತವೆ ಎಂದು ಪ್ರತಿ ರಾತ್ರಿ ನನಗೊಂದು ಸಂದೇಶ ಕಳಿಸುತ್ತಿರು. ಎರಡು ಚೆಂಡಿಗೆ ಮೂರು ಎಂದು ಬರೆದರೆ ನನಗೆ ತಿಳಿಯುತ್ತದೆ, ನಾನೂ ಹಾಗೆ ಬರೆದವನೇ.

ನಿನ್ನ
ಹಳೆಯ ಗೆಳೆಯ