ಮಗಳಿಗೊಂದು ಪತ್ರ: ಕೇಳೋ ರೀತಿ

ಪುಟ್ಟಿ,

ಟೀಮ್‌ನಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ಕೆಲಸ ಕೆಟ್ಟ ಮೇಲೆಯೇ ಎಲ್ಲಾ ಗೊತ್ತಾಗುತ್ತದೆ ಅಂತ ಬೇಜಾರಿನಲ್ಲಿ ಬರೆದಿದ್ದೀಯ. ಅವರು ಬೇಕಂತಲೇ ಮುಚ್ಚಿಡುತ್ತಾರೆ ಅಂತ ನನಗನ್ನಿಸುವುದಿಲ್ಲ. ನೀನು ಹೇಗೆ ಕೇಳುತ್ತೀಯ ಅನ್ನೋದನ್ನ ಒಂದ್ಸಲ ಗಮನಿಸು.

ಮೀಟಿಂಗ್ ಮುಗಿಯುವಾಗ "ಎಲ್ಲರಿಗೂ ಅರ್ಥ ಆಯ್ತು ಅಲ್ವಾ?" ಅಂದರೆ ಅಷ್ಟು ಜನರ ಮುಂದೆ ಯಾರು ತಾನೇ ಇಲ್ಲ ಅಂತಾರೆ? ಇಲ್ಲ ಅಂದವರು ದಡ್ಡರಾಗುತ್ತಾರೆ, ಜೊತೆಗೆ ಎಲ್ಲರ ಹೊತ್ತೂ ತಿಂದ ಹಾಗಾಗುತ್ತದೆ. "ಇದರಲ್ಲಿ ಯಾವುದು ಇನ್ನೂ ಗೊಂದಲ ಅನ್ನಿಸುತ್ತಿದೆ?" ಅಂತ ಕೇಳಿ ನೋಡು. ಗೊಂದಲ ಇರೋದು ಸಹಜ ಅಂತ ನೀನೇ ಮೊದಲು ಒಪ್ಪಿಕೊಂಡ ಹಾಗಾಯ್ತು. ಆಮೇಲೆ ಸ್ವಲ್ಪ ಹೊತ್ತು ಸುಮ್ನಿರು. ಇದು ಕಷ್ಟ, ಆದರೆ ಇರಲೇಬೇಕು.

1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಅನ್ನೋ ಮನಶ್ಶಾಸ್ತ್ರಜ್ಞರು ಮಾಡಿದ ಒಂದು ಪ್ರಯೋಗ ನನ್ನನ್ನು ಬಹಳ ಕಾಡಿದೆ. ಕಾಲೇಜು ಹುಡುಗರಿಗೆ ಕಾರು ಅಪಘಾತದ ತುಣುಕುಗಳನ್ನು ತೋರಿಸಿ, ಕಾರುಗಳು ಎಷ್ಟು ವೇಗದಲ್ಲಿದ್ದವು ಅಂತ ಕೇಳಿದರು. ಕೆಲವರಿಗೆ "ಒಂದಕ್ಕೊಂದು ಅಪ್ಪಳಿಸಿದಾಗ" ಅಂತ, ಇನ್ನು ಕೆಲವರಿಗೆ "ತಾಗಿದಾಗ" ಅಂತ. ಅಪ್ಪಳಿಸಿದಾಗ ಅಂತ ಕೇಳಿಸಿಕೊಂಡವರು ಸರಾಸರಿ ಗಂಟೆಗೆ ಸುಮಾರು 41 ಮೈಲಿ ಅಂದರು, ತಾಗಿದಾಗ ಅಂತ ಕೇಳಿಸಿಕೊಂಡವರು ಸುಮಾರು 32. ನೋಡಿದ್ದು ಮಾತ್ರ ಒಂದೇ! ಇನ್ನೊಂದು ಗುಂಪಿಗೆ ಇದೇ ಥರ ತೋರಿಸಿ, ವೇಗದ ಪ್ರಶ್ನೆ ಕೇಳಿ, ವಾರ ಬಿಟ್ಟು ಕರೆದು, ಒಡೆದ ಗಾಜು ನೋಡಿದಿರಾ ಅಂತ ಕೇಳಿದರು. ಅಪ್ಪಳಿಸಿದ ಪ್ರಶ್ನೆ ಎದುರಿಸಿದ 50 ಜನರಲ್ಲಿ 16 ಮಂದಿ ಹೌದು ಅಂದರು. ಬರೀ "ಡಿಕ್ಕಿ ಹೊಡೆದಾಗ" ಅಂತ ಕೇಳಿದ್ದ 50 ಜನರಲ್ಲಿ ಹಾಗಂದವರು 7 ಮಂದಿ. ಆ ತುಣುಕಿನಲ್ಲಿ ಗಾಜು ಒಡೆದೇ ಇರಲಿಲ್ಲ. ಅಂದರೆ ಪ್ರಶ್ನೆಯಲ್ಲಿದ್ದ ಒಂದು ಪದ ಅವರ ನೆನಪಿನೊಳಗೇ ಹೋಗಿ ಕೂತಿತ್ತು, ಅವರು ಸುಳ್ಳು ಹೇಳುತ್ತಿರಲಿಲ್ಲ ಪುಟ್ಟಿ, ನಿಜವಾಗಿ ನೋಡಿದ್ದೇವೆ ಅಂತಲೇ ನಂಬಿದ್ದಿರಬೇಕು.

ಅದಕ್ಕೇ ಹೇಳ್ತಿದ್ದೀನಿ, "ನೀವಿಬ್ಬರೂ ಯಾಕೆ ಜಗಳ ಆಡಿದ್ರಿ?" ಅಂತ ಕೇಳಿದರೆ ಬರೀ ಮಾತಿನ ಭಿನ್ನಾಭಿಪ್ರಾಯವೂ ಜಗಳವಾಗಿಬಿಡುತ್ತದೆ. "ಅವತ್ತು ಏನಾಯ್ತು?" ಅಂದರೆ ಸಾಕು. ಟೀಮ್‌ನಲ್ಲಿ ಕೆಲಸ ತಡ ಮಾಡಿದ ಹುಡುಗನಿಗೂ ಅಷ್ಟೇ, "ಯಾಕೆ ಲೇಟ್ ಮಾಡಿದ್ರಿ?" ಅಂದರೆ ನೆಪ ಸಿಗುತ್ತದೆ, "ಕೆಲಸ ಎಲ್ಲಿ ನಿಂತುಹೋಯ್ತು?" ಅಂದರೆ ಕಾರಣ ಸಿಗಬಹುದು. ಮೆಸೇಜ್‌ನಲ್ಲಂತೂ ನಿನ್ನ ದನಿ ಅವರಿಗೆ ಕೇಳಿಸುವುದೇ ಇಲ್ಲ, ಅಲ್ಲಿ "ಯಾಕೆ" ಅನ್ನೋದು ಇನ್ನೂ ಜಾಸ್ತಿ ಚುಚ್ಚುತ್ತದೆ.

ಹಾಗಂತ ಎಲ್ಲ ಕಡೆ ದೊಡ್ಡ, ಬಿಡುಬೀಸಾದ ಪ್ರಶ್ನೆಯೇ ಒಳ್ಳೆಯದು ಅಂತಲ್ಲ. ಅಪ್ಪನನ್ನು ಕಳೆದುಕೊಂಡ ನಿನ್ನ ಗೆಳತಿಗೆ "ಹೇಗಿದ್ದೀಯ?" ಅಂದರೆ ಅವಳು ಏನಂತ ಹೇಳಬೇಕು? ಅಷ್ಟು ದುಃಖವನ್ನೆಲ್ಲ ಒಟ್ಟುಮಾಡಿ ಮಾತಾಗಿಸುವ ಶಕ್ತಿ ಈಗ ಅವಳಿಗಿಲ್ಲ, ಚೆನ್ನಾಗಿದ್ದೀನಿ ಅಂದು ಮುಗಿಸುತ್ತಾಳೆ. ಚಿಕ್ಕದನ್ನು ಕೇಳು. ರಾತ್ರಿ ನಿದ್ದೆ ಬಂತಾ, ಇವತ್ತು ಊಟ ಮಾಡಿದೆಯಾ, ನಾನು ಬಂದು ಸುಮ್ನೆ ಜೊತೆಗೆ ಕೂತಿರಲಾ. ಹ್ಞೂಂ, ಉಹ್ಞೂಂ ಅಂತ ಮಾತ್ರ ಹೇಳಿದರೆ ಅವತ್ತಿಗೆ ಬಿಟ್ಟುಬಿಡು, ಎರಡು ದಿನ ಬಿಟ್ಟು ಮತ್ತೆ ಫೋನ್ ಮಾಡು.

ನಿನ್ನ
ಅಮ್ಮ