ಮಗಳಿಗೊಂದು ಪತ್ರ: ಕವಲಿನಲ್ಲಿ ಕಾಯುವವರ ಜೊತೆ ಹೋಗು

ಪ್ರೀತಿಯ ಮಗಳೇ,

ಹೊಸ ಗುಂಪಿನ ಜೊತೆ ಕಾಡುದಾರಿಗೆ ಹೊರಟಿದ್ದೀಯ. ಡರ್ಟ್ ಬೈಕಿನ ಮೇಲೆ ನಾನಿಲ್ಲದೆ ಇದೇ ಮೊದಲು. "ಬೇಡ ಅನ್ನಲ್ಲ ತಾನೇ ಅಮ್ಮಾ?" ಎಂದು ಫೋನಿನಲ್ಲಿ ಮತ್ತೆ ಮತ್ತೆ ಕೇಳಿದೆ. ಅನ್ನಲ್ಲ ಕಣೇ. ಕ್ಲಚ್ ಹಿಡಿಯೋದು ಕಲಿಸಿದವಳೇ ನಾನು, ಈಗ ಬೇಡ ಅಂದರೆ ಯಾವ ನ್ಯಾಯ?

ನಿನ್ನ ಓಡಿಸುವಿಕೆಯ ಬಗ್ಗೆ ನನಗೆ ಚಿಂತೆಯಿಲ್ಲ. ನಿಂತು ಓಡಿಸುತ್ತೀಯ, ಮೊಣಕಾಲಿನಿಂದ ಟ್ಯಾಂಕ್ ಒತ್ತಿ ಹಿಡಿಯುತ್ತೀಯ, ಕಣ್ಣು ಮುಂದಿನ ಚಕ್ರದ ಮೇಲಲ್ಲ, ದೂರದ ತಿರುವಿನ ಮೇಲಿರುತ್ತದೆ. ಒದ್ದೆ ಬೇರು ಅಡ್ಡ ಬಂದರೆ ಬ್ರೇಕನ್ನೂ ಆಕ್ಸಿಲರೇಟರನ್ನೂ ಮುಟ್ಟದೆ ನೇರವಾಗಿ ದಾಟುತ್ತೀಯ. ಆದರೆ ನಾವಿಬ್ಬರೇ ಹೋಗುತ್ತಿದ್ದಾಗ ನಿನಗೆ ಒಂದು ಅನುಭವ ಆಗಿರಲೇ ಇಲ್ಲ. ಏಳೆಂಟು ಜನರ ಗುಂಪಿನಲ್ಲಿ ಕೊನೆಯವಳಾಗಿ ಉಳಿಯುವುದು. ಅದರ ಬಗ್ಗೆ ಬರೆಯೋಣ ಅಂತ ಕೂತಿದ್ದೇನೆ.

ಗುಂಪು ಎಂಥದ್ದು ಅನ್ನುವುದು ಮೊದಲನೇ ಕವಲಿನಲ್ಲೇ ಗೊತ್ತಾಗುತ್ತದೆ. ಅವರ ಗಾಡಿ ಎಷ್ಟು ಹೊಸದು, ಬೂಟು ಎಷ್ಟು ದುಬಾರಿ ಅಂತ ನೋಡಬೇಡ. ದಾರಿ ಎರಡಾಗುವ ಕಡೆ ಯಾರಾದರೂ ನಿಂತಿದ್ದಾರಾ ನೋಡು. ಸರಿಯಾದ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ದಾರಿ ಗೊತ್ತಿರುವವರು ಇರುತ್ತಾರೆ. ಎಲ್ಲರಿಗಿಂತ ಹಿಂದೆ ಒಬ್ಬ ಅನುಭವಸ್ಥರು ಇರುತ್ತಾರೆ, ಅವರನ್ನು ಸ್ವೀಪ್ ಅನ್ನುತ್ತಾರೆ. ಈ ಎರಡು ಜಾಗ ಇಡೀ ದಿನ ಬದಲಾಗುವುದಿಲ್ಲ. ನಡುವಿನವರು ಮಾತ್ರ ಬದಲಾಗುತ್ತಾ ಇರುತ್ತಾರೆ. ಕವಲು ಬಂದರೆ ಮುಂದಾಳು ಕೈ ತೋರಿಸಿ ಎರಡನೆಯವರನ್ನು ಅಲ್ಲೇ ನಿಲ್ಲಿಸುತ್ತಾರೆ. ಹಿಂದೆ ಬರುವವರಿಗೆಲ್ಲ ದಾರಿ ತೋರಿಸುವುದು ಅವರ ಕೆಲಸ. ಸ್ವೀಪ್ ಬಂದಮೇಲೆ ಅವರ ಮುಂದೆ ಸೇರಿಕೊಂಡು ಹೊರಡಬೇಕು. ಮುಂದಿನ ಕವಲಿನಲ್ಲಿ ಇನ್ನೊಬ್ಬರ ಪಾಳಿ.

ಇದರಲ್ಲಿರುವ ಸುಖ ಏನು ಗೊತ್ತಾ? ಯಾರೂ ಯಾರ ಬೆನ್ನನ್ನೂ ಹಿಡಿದು ಓಡಬೇಕಿಲ್ಲ. ಮುಂದಿನವರು ಕಣ್ಣಿಗೆ ಕಾಣದಿದ್ದರೂ ದಾರಿ ತಪ್ಪುವ ಭಯವಿಲ್ಲ. ಅವರೆಬ್ಬಿಸಿದ ಧೂಳು ಇಳಿಯುವ ತನಕ ಆರಾಮಾಗಿ ಹಿಂದೆ ಉಳಿಯಬಹುದು. ಯಾರೂ ನಿಂತಿಲ್ಲದ ಕವಲು ಬಂದರೆ ದೊಡ್ಡ ದಾರಿಯಲ್ಲೇ ಮುಂದುವರಿಯುವುದು ಸಾಮಾನ್ಯ ವಾಡಿಕೆ. ಹೊರಡುವ ಮುಂಚೆ ಇವರ ವಾಡಿಕೆ ಏನು ಅಂತ ಕೇಳಿಕೊ. ಕೆಲವರು ಬೇರೆ ಪದ್ಧತಿ ಇಟ್ಟುಕೊಂಡಿರುತ್ತಾರೆ. ಪ್ರತಿಯೊಬ್ಬರೂ ತಮ್ಮ ಹಿಂದಿನವರು ಕಾಣುವ ತನಕ ಕವಲಿನಲ್ಲಿ ನಿಲ್ಲುತ್ತಾರೆ. ಅದೂ ಸರಿಯೇ. "ಸುಮ್ನೆ ನಮ್ಮ ಹಿಂದೆ ಬಾ, ಗೊತ್ತಾಗುತ್ತೆ" ಅಂದರೆ ಮಾತ್ರ ಅನುಮಾನ ಪಡು.

ನಿನ್ನ ಪಾಳಿ ಬಂದು ಕವಲಿನಲ್ಲಿ ನಿಂತರೆ ಅಲುಗಾಡಬೇಡ. ಹತ್ತು ನಿಮಿಷ ಆಯಿತು, ಇಪ್ಪತ್ತು ನಿಮಿಷ ಆಯಿತು, ಸೊಳ್ಳೆ ಕಚ್ಚುತ್ತಿದೆ, ಆದರೂ ನಿಲ್ಲು. "ಏನಾಯ್ತೋ ನೋಡಿಕೊಂಡು ಬರ್ತೀನಿ" ಅಂತ ನೀನು ಹೊರಟ ಆ ಗಳಿಗೆಯಲ್ಲೇ ಯಾರೋ ಒಬ್ಬರು ಅಲ್ಲಿಗೆ ಬಂದು ತಪ್ಪು ದಾರಿ ಹಿಡಿಯುತ್ತಾರೆ. ತಡವಾದರೆ ಮುಂದಾಳು ತಾನಾಗಿಯೇ ವಾಪಸ್ ಬರುತ್ತಾರೆ. ಬರುವವರಿಗೆ ಕಾಣುವ ಹಾಗೆ, ಆದರೆ ಗಾಡಿ ತಾಗದ ಹಾಗೆ, ತಿರುವಿನ ಹೊರಗೆ ನಿಲ್ಲು.

ಇನ್ನು ಕೊನೆಯವಳಾಗುವ ವಿಷಯ. ಎಲ್ಲ ಗುಂಪುಗಳಲ್ಲೂ ಒಂದು ಅನ್ಯಾಯ ನಡೆಯುತ್ತದೆ. ಮುಂದಿನವರು ಬೇಗ ಬಂದು, ಹೆಲ್ಮೆಟ್ ತೆಗೆದು, ನೀರು ಕುಡಿದು, ನಗುತ್ತಾ ಕೂತಿರುತ್ತಾರೆ. ಕೊನೆಯವಳು ಏದುಸಿರು ಬಿಡುತ್ತಾ ಬಂದ ಕೂಡಲೇ "ಎಲ್ಲರೂ ಬಂದ್ರಲ್ಲ, ಹೊರಡೋಣ" ಅನ್ನುತ್ತಾರೆ. ಗಟ್ಟಿಮುಟ್ಟಾದವರಿಗೆ ಹತ್ತು ನಿಮಿಷ ವಿಶ್ರಾಂತಿ, ಸುಸ್ತಾದವಳಿಗೆ ಒಂದು ನಿಮಿಷವೂ ಇಲ್ಲ! ಯಾರ ಮನಸ್ಸೂ ಕೆಟ್ಟದ್ದಲ್ಲ, ಯಾರಿಗೂ ಹೊಳೆಯುವುದಿಲ್ಲ ಅಷ್ಟೇ. ಹಾಗಾಗಿ ನೀನೇ ಬಾಯಿ ಬಿಡಬೇಕು. ಎಂಜಿನ್ ಆಫ್ ಮಾಡು, ಸ್ಟ್ಯಾಂಡ್ ಹಾಕು, ಹೆಲ್ಮೆಟ್ ತೆಗಿ, "ನನಗೆ ಐದು ನಿಮಿಷ ಬೇಕು" ಅನ್ನು. ಹೆಲ್ಮೆಟ್ ತೆಗೆದವಳನ್ನು ಬಿಟ್ಟು ಯಾರೂ ಹೊರಡುವುದಿಲ್ಲ.

ಮೊಣಕೈಯಿಂದ ಕೆಳಗೆ ಕೈ ಕಲ್ಲಿನಂತೆ ಗಟ್ಟಿಯಾಗಿ, ಬೆರಳು ಬಿಡಿಸಲು ಬರದೆ ಹೋದರೆ ಅದು ಶಕ್ತಿ ಇಲ್ಲದ್ದಕ್ಕೆ ಅಂದುಕೊಳ್ಳಬೇಡ. ಹ್ಯಾಂಡಲಿಗೆ ಜೋತು ಬಿದ್ದು ಓಡಿಸಿದರೆ ಎಂಥವರಿಗೂ ಹಾಗಾಗುತ್ತದೆ. ನಿನ್ನ ಲಯಕ್ಕಿಂತ ಜಾಸ್ತಿ ವೇಗದಲ್ಲಿ ಹೋಗುತ್ತಿದ್ದೀಯ ಅನ್ನುವ ಸೂಚನೆ ಅದು. ಭಯ ಆದಾಗ ಮೊದಲು ಬಿಗಿಯಾಗುವುದೇ ಕೈ. ಆ ಕೈಯಲ್ಲಿ ಬ್ರೇಕ್ ಹಿಡಿದರೆ ಎಷ್ಟು ಹಿಡಿದೆ ಅನ್ನುವುದೇ ತಿಳಿಯುವುದಿಲ್ಲ. ಸಡಿಲ ಮಣ್ಣಿನ ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಒಂದು ಕೂದಲೆಳೆ ಜಾಸ್ತಿಯಾದರೂ ಚಕ್ರ ಜಾರುತ್ತದೆ. ಅಂಥ ಹೊತ್ತಲ್ಲಿ ನಿಂತುಬಿಡು. ಹಿಂದೆ ಸ್ವೀಪ್ ಇದ್ದಾರೆ, ಅವರಿರುವುದೇ ಅದಕ್ಕೆ.

ನಿಜ ಹೇಳಬೇಕೆಂದರೆ ಈ ಆಟದಲ್ಲಿ ಸುಸ್ತಾಗುವುದು ಓಡಿಸಿ ಅಲ್ಲ, ಬಿದ್ದ ಗಾಡಿ ಎತ್ತಿ ಎತ್ತಿ. ನೂರು ಕಿಲೋಗೂ ಮೀರಿದ ತೂಕ, ಅದೂ ಇಳಿಜಾರಿನಲ್ಲಿ. ಹಾಗಾಗಿ ಗಡಿಬಿಡಿಯಲ್ಲಿ ಎತ್ತಬೇಡ. ಒಂದು ಉಸಿರು ತಗೊಂಡು, ಹ್ಯಾಂಡಲನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಬೆನ್ನು ಬಗ್ಗಿಸದೆ ಕಾಲಿನ ಬಲದಿಂದ ಎತ್ತು.

ದಿಬ್ಬದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಗುಂಪಿನಲ್ಲಿ ಜಾಸ್ತಿ ಪೆಟ್ಟಾಗುವ ಜಾಗ ಅದು. ಒಬ್ಬರು ಮೇಲೆ ತಲುಪಿ ಕೈ ಎತ್ತುವ ತನಕ ಇನ್ನೊಬ್ಬರು ಹತ್ತಬಾರದು. ಹಿಂದಿನವರು ಹಾರ್ನ್ ಹೊಡೆದರೂ, ಬೈದರೂ ನೀನು ಕೆಳಗೇ ನಿಲ್ಲು. ಅರ್ಧದಲ್ಲಿ ನಿನ್ನ ಗಾಡಿ ನಿಂತುಹೋಯಿತು ಅಂದುಕೊ. ಗಾಬರಿಯಲ್ಲಿ ಎಲ್ಲರೂ ಕ್ಲಚ್ ಹಿಡಿಯುತ್ತಾರೆ. ಹಿಡಿದ ಕೂಡಲೇ ಗಾಡಿ ಹಿಂದಕ್ಕೆ ಜಾರಲು ಶುರು. ಮುಂದಿನ ಬ್ರೇಕ್ ಒಂದೇ ಅದನ್ನು ತಡೆಯುವುದಿಲ್ಲ, ಚಕ್ರ ತಿರುಗದಿದ್ದರೂ ಗಾಡಿ ಜಾರುತ್ತಲೇ ಇರುತ್ತದೆ. ಕ್ಲಚ್ ಬಿಡು, ಎಂಜಿನ್ ಬಂದ್ ಆಗಲಿ, ಗೇರ್ ಹಾಗೇ ಇರಲಿ. ಹಿಂದಿನ ಚಕ್ರ ತಾನೇ ನೆಲ ಕಚ್ಚಿಕೊಂಡು ನಿಲ್ಲುತ್ತದೆ. ಆಮೇಲೆ ಗಾಡಿಯನ್ನು ದಿಬ್ಬದ ಮೇಲ್ಬದಿಗೆ ನಿಧಾನಕ್ಕೆ ಮಲಗಿಸು, ನೀನೂ ಮೇಲ್ಬದಿಗೇ ಇಳಿ. ಗಾಡಿಯ ಕೆಳಗೆ ಯಾವತ್ತೂ ನಿಲ್ಲಬೇಡ. ಮುಂದಿನ ಚಕ್ರ ಹಿಡಿದೆಳೆದು ಇಳಿಜಾರಿನ ಕಡೆ ತಿರುಗಿಸಿಕೊಂಡು ಕೆಳಗೆ ಬಂದು ಮತ್ತೆ ಹತ್ತು.

ಆಗ ಯಾರಾದರೊಬ್ಬರು "ಕೊಡಮ್ಮಾ, ನಾನು ಹತ್ತಿಸಿಕೊಡ್ತೀನಿ" ಅನ್ನುತ್ತಾರೆ. ಸುಸ್ತಾಗಿದ್ದರೆ ಕೊಡು, ಅದರಲ್ಲೇನು ನಾಚಿಕೆ? ಗುಂಪು ಅಂದಮೇಲೆ ಗಂಡಸರೂ ಒಬ್ಬರಿಗೊಬ್ಬರು ಹತ್ತಿಸಿಕೊಡುತ್ತಾರೆ. ಇನ್ನೊಂದು ಸಲ ನೋಡೋಣ ಅನ್ನಿಸಿದರೆ "ಬೇಡ, ನಾನೇ ನೋಡ್ತೀನಿ" ಅನ್ನು. ಆದರೆ ಕೇಳದೆಯೇ ನಿನ್ನ ಹ್ಯಾಂಡಲಿಗೆ ಕೈ ಹಾಕುವವರ ಮೇಲೆ ಒಂದು ಕಣ್ಣಿರಲಿ. "ಹುಡುಗಿಗೆ ಇದೆಲ್ಲ ಕಷ್ಟ" ಅನ್ನುವವರಿಗೆ ಉತ್ತರ ಕೊಡಲು ಹೋಗಬೇಡ. ಸ್ಪೇನಿನ ಲಾಯಾ ಸಾನ್ಜ್ ಮಹಿಳೆಯರ ಟ್ರಯಲ್ (ಬಂಡೆ, ದಿಬ್ಬಗಳ ಮೇಲೆ ಕಾಲೂರದೆ ಬೈಕ್ ಓಡಿಸುವ ಸ್ಪರ್ಧೆ) ವಿಶ್ವ ಚಾಂಪಿಯನ್ ಪಟ್ಟವನ್ನು 13 ಸಲ ಗೆದ್ದವರು. 2015ರ ಡಾಕರ್ ರ‍್ಯಾಲಿಯಲ್ಲಿ ಗಂಡಸರು ಹೆಂಗಸರು ಎಲ್ಲರೂ ಸೇರಿದ ಬೈಕ್ ಪಟ್ಟಿಯಲ್ಲಿ ಒಂಬತ್ತನೆಯವರಾಗಿ ಬಂದರು. ಉತ್ತರ ಅವರೇ ಕೊಟ್ಟಾಗಿದೆ.

ರಿಪೇರಿ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಕಟ್ಟುನಿಟ್ಟು. 1913ರಲ್ಲಿ ಇಂಗ್ಲೆಂಡಿನ ಕಾರ್ಲೈಲ್‌ನಲ್ಲಿ ಆರು ದಿನಗಳ ಎಂಡ್ಯೂರೋ, ಅಂದರೆ ಕಾಡುಮೇಡಿನ ದಾರಿಯಲ್ಲಿ ಬಹುದೂರ ಬೈಕ್ ಓಡಿಸುವ ಸ್ಪರ್ಧೆ ಶುರುವಾಯಿತು. ಈಗಲೂ ಅದರಲ್ಲಿ ಗಾಡಿಯ ರಿಪೇರಿಯನ್ನು ಸವಾರರೇ ಮಾಡಿಕೊಳ್ಳಬೇಕು, ಟೈರ್ ಬದಲಾಯಿಸುವುದೂ ಅವರೇ. ನಿನಗೆ ಅಷ್ಟು ಬೇಡ. ಆದರೆ ಟ್ಯೂಬ್ ಬದಲಾಯಿಸಲು ಬರಬೇಕು. ಕಾಡಿಗಾಗಿ ಟೈರಿನ ಗಾಳಿಯನ್ನು 12ರಿಂದ 15 ಪಿಎಸ್‌ಐಗೆ ಇಳಿಸುತ್ತೇವಲ್ಲ, ಹಿಡಿತವೇನೋ ಚೆನ್ನಾಗಿರುತ್ತದೆ. ಆದರೆ ಚೂಪಾದ ಕಲ್ಲಿಗೆ ಹೊಡೆದರೆ ರಿಮ್ಮು ಕಲ್ಲಿನ ನಡುವೆ ಟ್ಯೂಬ್ ಸಿಕ್ಕಿ ಹರಿಯುತ್ತದೆ. ಒಂದೇ ಟ್ಯೂಬ್ ಒಯ್ಯುವುದಾದರೆ ಮುಂದಿನ 21 ಇಂಚಿನದನ್ನು ಒಯ್ಯಿ. ಅಗತ್ಯ ಬಿದ್ದರೆ ಹಿಂದಿನ ಚಕ್ರಕ್ಕೂ ತುರುಕಿ ಮನೆ ಸೇರಬಹುದು. ಚಿಕ್ಕದನ್ನು ದೊಡ್ಡ ಚಕ್ರಕ್ಕೆ ಎಳೆದು ಹಾಕುವುದು ಕಷ್ಟ. ಟೈರ್ ಲಿವರ್, ಚೈನಿನ ಒಂದು ಬಿಡಿ ಲಿಂಕ್, ಸ್ಪಾರ್ಕ್ ಪ್ಲಗ್ ಮತ್ತು ಅದರ ಸ್ಪ್ಯಾನರ್, ಕೆಟ್ಟ ಗಾಡಿಯನ್ನು ಎಳೆಯುವ ಒಂದು ಪಟ್ಟಿ ಬ್ಯಾಗಿನಲ್ಲಿರಲಿ. ನೀರು ಎರಡು ಲೀಟರಿಗಿಂತ ಕಡಿಮೆ ಬೇಡ. ಪೆಟ್ರೋಲಿನ ಲೆಕ್ಕ ಯಾರ ಟ್ಯಾಂಕ್ ಎಲ್ಲರದಕ್ಕಿಂತ ಚಿಕ್ಕದೋ ಅವರ ಮೇಲೆ ಹಾಕಬೇಕು.

ಸ್ಪಾರ್ಕ್ ಪ್ಲಗ್ಗಿನ ಸ್ಪ್ಯಾನರ್ ಯಾಕೆ ಅಂದರೆ, ಹಳ್ಳ. ದಾಟುವ ಮುಂಚೆ ಯಾರಾದರೊಬ್ಬರು ನಡೆದು ಆಳ ನೋಡಲಿ. ಆಮೇಲೆ ಚಿಕ್ಕ ಗೇರಿನಲ್ಲಿ ಒಂದೇ ವೇಗದಲ್ಲಿ ಹೋಗು. ನಡುವೆ ಗಾಡಿ ಬಿದ್ದರೆ ಮೊದಲು ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಒತ್ತು. ಎತ್ತಿದ ಮೇಲೆ ಸ್ಟಾರ್ಟರ್ ಒತ್ತಲೇಬೇಡ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರಿದ್ದಾಗ ಪಿಸ್ಟನ್ ಮೇಲೆ ಬಂದರೆ ಅದಕ್ಕೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು. ಪ್ಲಗ್ ಬಿಚ್ಚಿ, ಎಂಜಿನ್ ತಿರುಗಿಸಿ, ನೀರು ಹೊರಗೆ ಚಿಮ್ಮಿ ಹೋಗಲಿ. ಏರ್ ಫಿಲ್ಟರ್ ಬಿಚ್ಚಿ ಹಿಂಡು. ಅದಾದ ಮೇಲೆ ಸ್ಟಾರ್ಟ್. "ಒಂದ್ಸಲ ಒತ್ತಿ ನೋಡು, ಏನಾಗುತ್ತೆ" ಅನ್ನುವ ಅಣ್ಣಂದಿರು ಎಲ್ಲ ಹಳ್ಳದ ದಡದಲ್ಲೂ ಇರುತ್ತಾರೆ.

ಯಾರಾದರೂ ಜೋರಾಗಿ ಬಿದ್ದರೆ ಮೊದಲು ಒಬ್ಬರನ್ನು ತಿರುವಿನ ಹಿಂದಕ್ಕೆ ಓಡಿಸು. ಇಲ್ಲದಿದ್ದರೆ ಹಿಂದಿನ ಗಾಡಿ ಬಿದ್ದವರ ಮೇಲೇ ಬರುತ್ತದೆ. ಬಿದ್ದವರ ಹೆಲ್ಮೆಟ್ ಎಳೆದು ತೆಗೆಯಬೇಡಿ, ಉಸಿರಾಟಕ್ಕೆ ಅಡ್ಡಿಯಾಗಿದ್ದರೆ ಮಾತ್ರ ಇಬ್ಬರು ಸೇರಿ ಕತ್ತು ಅಲುಗದ ಹಾಗೆ ತೆಗೆಯಬೇಕು. ಎದ್ದು ಕೂತವರು ಕೇಳಿದ್ದನ್ನೇ ಕೇಳುತ್ತಿದ್ದರೆ, ವಾಂತಿ ಬಂದರೆ, "ನಾವೆಲ್ಲಿದ್ದೀವಿ" ಅಂದರೆ ಅವತ್ತಿಗೆ ಅವರ ಸವಾರಿ ಮುಗಿಯಿತು, ಸೀದಾ ಆಸ್ಪತ್ರೆಗೆ. ಅವರು "ನಾನು ಚೆನ್ನಾಗಿದ್ದೀನಿ" ಅಂದರೂ ಒಪ್ಪಬೇಡ. ಆ ಸ್ಥಿತಿಯಲ್ಲಿ ಅವರ ಮಾತು ಲೆಕ್ಕಕ್ಕಿಲ್ಲ. ಜೋರು ಪೆಟ್ಟು ತಿಂದ ಹೆಲ್ಮೆಟ್ಟೂ ಅಷ್ಟೇ, ಹೊರಗೆ ಗೀರು ಇಲ್ಲದಿದ್ದರೂ ಒಳಗಿನ ಪದರ ಕುಗ್ಗಿರುತ್ತದೆ. ಮತ್ತೆ ಹಾಕಬಾರದು.

ಕಾಡು ನಮ್ಮ ಮೈದಾನ ಅಲ್ಲ ಅನ್ನುವುದು ನಿನಗೆ ಗೊತ್ತು. ಬೈಕಿಗೆ ಅನುಮತಿ ಇರುವ ದಾರಿ ಬಿಟ್ಟು ಒಂದು ಗಜವೂ ಆಚೆ ಹೋಗಬೇಡ. ಕೆಸರುಗುಂಡಿ ಬಂದರೆ ಬೂಟು ಕೊಳೆಯಾಗುತ್ತೆ ಅಂತ ಪಕ್ಕದಲ್ಲಿ ಸುತ್ತಬೇಡ, ನಡುವೆಯೇ ಹೋಗು. ಒಬ್ಬೊಬ್ಬರೂ ಪಕ್ಕಕ್ಕೆ ಸರಿದರೆ ಎರಡಡಿ ದಾರಿ ಹತ್ತಡಿ ಆಗುತ್ತದೆ. ಮಳೆ ಬಿದ್ದು ನೆಲ ಪೂರ್ತಿ ಮೆತ್ತಗಾಗಿದ್ದರೆ ಅವತ್ತು ಹೋಗುವುದೇ ಬೇಡ. ಸೈಲೆನ್ಸರಿನಲ್ಲಿ ಕಿಡಿ ತಡೆಯುವ ಜಾಲರಿ ಇದೆಯಾ ನೋಡಿಕೊ, ಬಿಸಿ ಸೈಲೆನ್ಸರಿನ ಗಾಡಿಯನ್ನು ಒಣಹುಲ್ಲಿನ ಮೇಲೆ ಮಲಗಿಸಬೇಡ. ನಡೆದು ಬರುವವರು ಸಿಕ್ಕರೆ ನಿಧಾನಿಸಿ, ಹಿಂದೆ ಇನ್ನೂ ಎಷ್ಟು ಗಾಡಿ ಇದೆ ಅಂತ ಬೆರಳಲ್ಲಿ ತೋರಿಸು. ನೀನೇ ಕೊನೆಯವಳಾದರೆ ಮುಷ್ಟಿ ತೋರಿಸು. ಕುದುರೆ ಸಿಕ್ಕರೆ ಎಂಜಿನ್ ಆಫ್ ಮಾಡಿ, ಹೆಲ್ಮೆಟ್ ತೆಗೆದು ಮಾತಾಡಿಸು. ಮನುಷ್ಯರ ದನಿ ಕೇಳಿದರೆ ಅದರ ಗಾಬರಿ ಎಷ್ಟೋ ಕಡಿಮೆಯಾಗುತ್ತದೆ. ಸದ್ದು ಜಾಸ್ತಿ ಮಾಡುವ ಸೈಲೆನ್ಸರ್ ಹಾಕಿಸಿಕೊಂಡವರ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ಎಷ್ಟೋ ದಾರಿಗಳಿಗೆ ಬೀಗ ಬಿದ್ದದ್ದು ಅಂಥ ಸದ್ದಿನ ದೂರಿನಿಂದಲೇ.

ಆ ದಿನ ಮಧ್ಯಾಹ್ನವೇ ಸಾಕು ಅನ್ನಿಸಿದರೆ ವಾಪಸ್ ಬಾ. ಆದರೆ ಒಬ್ಬಳೇ ಬರಬೇಡ, ಸ್ವೀಪಿಗೆ ಹೇಳಿ ಇನ್ನೊಬ್ಬರ ಜೊತೆ ಬಾ. ಹೇಳದೆ ತಿರುಗಿದರೆ ಅವರು ಕತ್ತಲಾಗುವ ತನಕ ನಿನ್ನನ್ನು ಹುಡುಕುತ್ತಾರೆ.

ಹೊರಡುವ ಹಿಂದಿನ ರಾತ್ರಿ ನನಗೆ ಇಷ್ಟು ಕಳಿಸು: ದಾರಿಯ ಮ್ಯಾಪ್, ಗಾಡಿ ಇಳಿಸುವ ಜಾಗ, ಸ್ವೀಪಿನ ಫೋನ್ ನಂಬರ್, ಎಷ್ಟು ಹೊತ್ತಿಗೆ ವಾಪಸ್ ಅನ್ನುವುದು. ಒಳಗೆ ಸಿಗ್ನಲ್ ಇರುವುದಿಲ್ಲ, ಹಾಗಾಗಿ ನಡುವೆ ಫೋನ್ ಬರಲಿಲ್ಲ ಅಂತ ನಾನು ಗಾಬರಿ ಬೀಳುವುದಿಲ್ಲ. ಹೇಳಿದ ಹೊತ್ತು ದಾಟಿ ಎರಡು ಗಂಟೆ ಆದರೆ ಮಾತ್ರ ಫೋನ್ ಮಾಡಲು ಶುರು ಮಾಡುತ್ತೇನೆ. ಗುಂಪಿನಲ್ಲಿ ಯಾರ ಹತ್ತಿರವಾದರೂ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಇದೆಯಾ ಕೇಳು. ಇದ್ದರೆ ಅದು ಯಾವ ಬ್ಯಾಗಿನ ಯಾವ ಜೇಬಿನಲ್ಲಿದೆ ಅಂತ ಎಲ್ಲರಿಗೂ ಗೊತ್ತಿರಲಿ. ಅದರ ಒಡೆಯರೇ ಪ್ರಜ್ಞೆ ತಪ್ಪಿ ಬಿದ್ದರೆ ಹುಡುಕುವವರು ಯಾರು?

ಬೀರುವಿನ ಕೆಳಗಿನ ಖಾನೆಯಲ್ಲಿ ನನ್ನ ಮೊಣಕಾಲಿನ ಗಾರ್ಡ್ ಇದೆ. ನಿನ್ನದರ ಪಟ್ಟಿ ಸಡಿಲವಾಗಿದೆ, ಬಿದ್ದಾಗ ಅದು ಜಾರುತ್ತದೆ. ನನ್ನದನ್ನೇ ಹಾಕಿಕೊಂಡು ಹೋಗು.

ಪ್ರೀತಿಯಿಂದ,
ಅಮ್ಮ