ಅಪ್‌ಲೋಡ್ ವೇಗವನ್ನೂ ತಿಳಿಸಲಿ

ಮಾನ್ಯ ಸಂಪಾದಕರೇ,

ಟಿವಿ ಮತ್ತು ಇಂಟರ್‌ನೆಟ್ ಎರಡನ್ನೂ ಕೇಬಲ್ ಕಂಪನಿಗಳು ಒಂದೇ ತಂತಿಯಲ್ಲಿ ಕೊಡುವುದು ಇಂದು ಸಹಜವೆನಿಸಿದರೂ, ಆ ತಂತಿಯನ್ನು ಮೊದಲು ಎಳೆದದ್ದು ಬೇರೆಯೇ ಕೆಲಸಕ್ಕೆ. 1948ರ ಸುಮಾರಿಗೆ ಅಮೆರಿಕದಲ್ಲಿ, ಗುಡ್ಡಗಳ ಮರೆಯಿಂದಾಗಿ ಪ್ರಸಾರ ತಲುಪದ ಊರುಗಳಲ್ಲಿ, ಎತ್ತರದ ಜಾಗದಲ್ಲಿ ಆಂಟೆನಾ ನಿಲ್ಲಿಸಿ ಅಲ್ಲಿಂದ ಮನೆಮನೆಗೆ ತಂತಿ ಹರಿಸಿದರು. ಹೀಗೆ ಒಮ್ಮುಖವಾಗಿ ಚಿತ್ರ ಸಾಗಿಸಲು ಹುಟ್ಟಿದ ಜಾಲವೇ, 1997ರಲ್ಲಿ ಡಾಕ್ಸಿಸ್ ಎಂಬ ತಾಂತ್ರಿಕ ಮಾನದಂಡ ಬಂದ ಮೇಲೆ, ವ್ಯಾಪಕವಾಗಿ ಇಂಟರ್‌ನೆಟ್ ಸೇವೆಗೂ ಒದಗಿತು.

ಆ ಹುಟ್ಟಿನ ಗುರುತು ಇನ್ನೂ ಅಳಿದಿಲ್ಲ. ತಂತಿಯ ಆವರ್ತನಗಳ ಬಹುಪಾಲು ಡೌನ್‌ಲೋಡ್‌ಗೆ ಮೀಸಲಾಗಿ, ಅಪ್‌ಲೋಡ್‌ಗೆ ಕಿರಿದಾದ ಭಾಗವಷ್ಟೇ ಉಳಿಯುತ್ತದೆ. ಇದರ ಜೊತೆಗೆ, ಆಪ್ಟಿಕಲ್ ಫೈಬರ್ ಬಡಾವಣೆಯ ಪೆಟ್ಟಿಗೆಯವರೆಗೆ ಮಾತ್ರ ಬಂದು, ಅಲ್ಲಿಂದಾಚೆಗಿನ ಕೋಆಕ್ಸಿಯಲ್ ತಂತಿಯನ್ನು, ಅಂದರೆ ಟಿವಿ ಕೇಬಲ್ ಅನ್ನು, ಅನೇಕ ಮನೆಗಳು ಹಂಚಿಕೊಳ್ಳುವ ಕಡೆಗಳಲ್ಲಿ, ಸಂಜೆ ಎಲ್ಲರೂ ಒಟ್ಟಿಗೆ ಬಳಸುವಾಗ ವೇಗ ಕುಸಿಯಬಹುದು. ಮನೆಯಿಂದಲೇ ವಿಡಿಯೊ ಮೂಲಕ ಪಾಠ ಹೇಳುವ ನನ್ನಂಥವರಿಗೆ ಇದು ಸಣ್ಣ ತೊಂದರೆಯಲ್ಲ. ಮಾತು ನಡುವೆಯೇ ಕಡಿದಾಗ ಕಲಿಯುವ ಮಕ್ಕಳ ಗಮನವೂ ಕಡಿಯುತ್ತದೆ.

ಆದ್ದರಿಂದ ಸೇವಾ ಕಂಪನಿಗಳು ಡೌನ್‌ಲೋಡ್ ವೇಗವನ್ನಷ್ಟೇ ದೊಡ್ಡಕ್ಷರದಲ್ಲಿ ಸಾರದೆ, ಅಪ್‌ಲೋಡ್ ವೇಗವನ್ನೂ, ದಟ್ಟಣೆಯ ಹೊತ್ತಿನಲ್ಲಿ ನಿಜವಾಗಿ ಸಿಗುವ ವೇಗವನ್ನೂ ಚಂದಾದಾರರಿಗೆ ಮುಂಚಿತವಾಗಿ ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

– ಒಬ್ಬ ಚಂದಾದಾರ